ಕಿಲುಬು, ಕಲಾಯಿ, ಹಾಲು: ಮನೆಯ ಪಾತ್ರೆಗಳ ಭಯದ ಚರಿತ್ರೆಯಲ್ಲಿ ಒಂದು ಅಧ್ಯಾಯ

ಉಣ್ಣುವ ಅನ್ನದ ಗುಣದೋಷಗಳನ್ನು ಕುರಿತು ನಮ್ಮ ದೇಶದಲ್ಲಿ ಬರೆದವರು ಬಹುಮಂದಿ. ಆ ಅನ್ನವನ್ನು ಬೇಯಿಸಿದ ಮತ್ತು ಬಡಿಸಿದ ಪಾತ್ರೆಯನ್ನು ಕುರಿತು ವಿಚಾರಮಾಡಿದವರು ವಿರಳ. ಪಾತ್ರೆಯ ಲೋಹವು ಆಹಾರದೊಡನೆ ಹೊಟ್ಟೆಗೆ ಸೇರಿ ಕೇಡುಂಟುಮಾಡೀತೆಂಬ ಅಂಜಿಕೆಯಾದರೋ ಹೊಸದಲ್ಲ. ಈಚಿನ ವರ್ಷಗಳಲ್ಲಿ ಈ ಅಂಜಿಕೆಯು ಒಂದು ಕಥೆಯ ರೂಪವನ್ನು ತಳೆದು ವಿದ್ಯಾವಂತರಲ್ಲಿಯೂ ಹಬ್ಬಿದೆ. ಸೆರೆಮನೆಗಳಲ್ಲಿದ್ದ ದೇಶಭಕ್ತರನ್ನು ಮೆಲ್ಲಮೆಲ್ಲನೆ ಕೊಲ್ಲುವ ಸಲುವಾಗಿ ಆಂಗ್ಲರು ಅಲ್ಯುಮಿನಿಯಂ ಪಾತ್ರೆಗಳನ್ನು ಈ ದೇಶಕ್ಕೆ ತಂದರೆಂಬುದು ಅದರ ಪೂರ್ವಾರ್ಧ. ಹಿರಿಯರು ಬಳಸುತ್ತಿದ್ದ ತಾಮ್ರ ಹಿತ್ತಾಳೆಗಳೇ ಸರ್ವಥಾ ಆರೋಗ್ಯಕರವೆಂಬುದು ಉತ್ತರಾರ್ಧ. ಇವೆರಡನ್ನೂ ದೊರೆತಿರುವ ಆಧಾರಗಳೊಡನೆ ಒರೆಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಪೂರ್ವಾರ್ಧಕ್ಕೆ ಯಾವ ದಾಖಲೆಯ ಬೆಂಬಲವೂ ನಮಗೆ ಕಂಡುಬಂದಿಲ್ಲ. ಉತ್ತರಾರ್ಧವು ಕೇವಲ ತಪ್ಪಾಗಿದ್ದರೆ ಅದನ್ನು ಕುರಿತು ಇಷ್ಟು ಬರೆಯಬೇಕಾಗಿರಲಿಲ್ಲ; ಅದು ಸಾವಿರಾರು ಎಳೆಯ ಮಕ್ಕಳ ಮರಣವೊಂದನ್ನು ಮರೆಮಾಡುತ್ತದೆಯಾದುದರಿಂದ ಇಲ್ಲಿ ವಿಸ್ತಾರವಾಗಿ ವಿವೇಚಿಸಬೇಕಾಗಿದೆ.

ಮೊದಲು ಕಿಲುಬಿನ ವಿಚಾರ. ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಲೋಹ. ಅದರಲ್ಲಿ ತಾಮ್ರದ ಭಾಗವೇ ಹೆಚ್ಚು. ಹುಳಿಯ ಪದಾರ್ಥವು ತಗಲಿದಾಗ ತಾಮ್ರವು ಕರಗಿ ಹಸುರು ಬಣ್ಣದ ಲವಣಗಳಾಗುತ್ತದೆ. ಕಿಲುಬೆಂದು ನಾವು ಕರೆಯುವುದು ಇದನ್ನೇ. ಇದು ಹೊಟ್ಟೆಗೆ ಹೋದರೆ ಕೆಲವು ಗಳಿಗೆಗಳಲ್ಲಿಯೇ ಓಕರಿಕೆ, ವಾಂತಿ, ಹೊಟ್ಟೆನೋವುಗಳು ತೋರುವುವು. ಆದುದರಿಂದ ಈ ದೋಷವನ್ನು ಅರಿಯಲು ಯಾವ ಪ್ರಯೋಗಶಾಲೆಯೂ ಬೇಕಾಗಿರಲಿಲ್ಲ. ಕಣ್ಣಿಗೆ ಹಸುರು, ನಾಲಗೆಗೆ ಕಹಿ, ಹೊಟ್ಟೆಗೆ ಸಂಕಟ, ಈ ಮೂರೂ ಒಂದೇ ದಿನದಲ್ಲಿ ಸಾಕ್ಷ್ಯ ನುಡಿಯುತ್ತಿದ್ದುವು. ಮಜ್ಜಿಗೆಯನ್ನು ಹಿತ್ತಾಳೆಯಲ್ಲಿಡಬಾರದು, ಹುಳಿಯನ್ನು ಕಲ್ಲಿನ ಮರಿಗೆಯಲ್ಲಿ ಅಥವಾ ಮಣ್ಣಿನ ಮಡಕೆಯಲ್ಲಿ ಕುದಿಸಬೇಕು, ಸಾರಿಗೆ ಈಯದ ಪಾತ್ರೆ, ಉಪ್ಪಿನಕಾಯಿಗೆ ಜಾಡಿ ಎಂಬ ಕಟ್ಟುಗಳು ಕನ್ನಡನಾಡಿನ ಅಡಿಗೆಯ ಮನೆಗಳಲ್ಲಿ ನೆಲೆನಿಂತುದು ಹೀಗೆ. ಹುಣಿಸೆಹಣ್ಣಿನಿಂದ ತಿಕ್ಕಿದರೆ ಹಿತ್ತಾಳೆಯ ಚೆಂಬು ಹೊನ್ನಿನಂತೆ ಹೊಳೆಯುವುದೂ, ಅದೇ ಹುಣಿಸೆಯ ಸಾರನ್ನು ಅದೇ ಚೆಂಬಿನಲ್ಲಿಟ್ಟರೆ ಕೆಡುವುದೂ ಒಂದೇ ರಾಸಾಯನಿಕ ಕ್ರಿಯೆಯ ಎರಡು ಮುಖಗಳೆಂಬುದನ್ನು ನಮ್ಮ ಗೃಹಿಣಿಯರು ಸೂತ್ರವಿಲ್ಲದೆಯೇ ಬಲ್ಲವರಾಗಿದ್ದರು.

ಈ ದೋಷಕ್ಕೆ ಪರಿಹಾರವಾಗಿ ಬಂದುದು ಕಲಾಯಿ. ಬೀದಿಯ ಬದಿಯಲ್ಲಿ ಕುಳಿ ತೋಡಿ, ತಿದಿಯೊತ್ತಿ, ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯನ್ನುದುರಿಸಿ, ಕರಗಿದ ತವರವನ್ನು ಹತ್ತಿಯ ಉಂಡೆಯಿಂದ ಒಳಮೈಗೆಲ್ಲ ಸವರುತ್ತಿದ್ದ ಕಲಾಯಿಗಾರನ ಕೆಲಸವು ಹಳೆಯ ತಲೆಮಾರಿನವರ ಕಣ್ಣಿಗೆ ಕಟ್ಟಿದಂತಿದೆ. ತವರವು 232 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿಯೇ ಕರಗುವುದರಿಂದ ಈ ಕೆಲಸಕ್ಕೆ ದೊಡ್ಡ ಕುಲುಮೆಯ ಅವಶ್ಯಕತೆಯಿಲ್ಲ. ಆದರೆ ತೆಳುವಾದ ಈ ಲೇಪವು ತಿಕ್ಕಿದಂತೆಲ್ಲ ಸವೆಯುವುದು. ಆಗಾಗ್ಗೆ ಹೊಸದಾಗಿ ಮಾಡಿಸಬೇಕು, ಮಾಡಿಸಲು ಕಾಸು ಬೇಕು. ಬೆಲೆಯನ್ನು ತಗ್ಗಿಸಲು ತವರಕ್ಕೆ ಸೀಸವನ್ನು ಬೆರೆಸಿದರೆ ಕಿಲುಬಿಗಿಂತ ಕೆಟ್ಟ ವಿಷವೇ ಪಾತ್ರೆಯೊಳಗೆ ಸೇರಿದಂತಾಯಿತು. ಇರಲಿ. ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಬೇರೊಂದು ಅಂಶ: ಕಲಾಯಿ ಮಾಡಿಸುವಾಗ ಮನೆಯ ಎಲ್ಲ ಪಾತ್ರೆಗಳೂ ಒಂದೇ ಸಮನಾಗಿ ಅದಕ್ಕೆ ಅರ್ಹವೆಂದು ಎಣಿಸಲ್ಪಡುತ್ತಿರಲಿಲ್ಲ. ಹುಳಿ ಬೀಳುವ ಪಾತ್ರೆಗೆ ಕಲಾಯಿ ಅನಿವಾರ್ಯ; ನೀರಿನ ಕೊಡಕ್ಕೆ ಅನಾವಶ್ಯಕ. ಹಾಲಿನ ಪಾತ್ರೆಯು ಈ ಎರಡರ ನಡುವೆ ಎಲ್ಲಿ ನಿಲ್ಲುತ್ತಿತ್ತು?

ಪ್ರಾಚೀನ ಗ್ರಂಥಗಳು ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಡುವುದಿಲ್ಲವೆಂಬುದು ಕುತೂಹಲಕರವಾಗಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯದಲ್ಲಿ ಯಾವ ಆಹಾರವನ್ನು ಯಾವ ಪಾತ್ರೆಯಲ್ಲಿ ಬಡಿಸಬೇಕೆಂಬುದರ ವಿಧಿಯುಂಟು. ತುಪ್ಪಕ್ಕೆ ಕಬ್ಬಿಣವನ್ನೂ, ಪೇಯಕ್ಕೆ ಬೆಳ್ಳಿಯನ್ನೂ, ಹಣ್ಣು ಮತ್ತು ಭಕ್ಷ್ಯಗಳಿಗೆ ಎಲೆಯನ್ನೂ, ಹುಳಿಯ ವ್ಯಂಜನಗಳಿಗೆ ಕಲ್ಲಿನ ಪಾತ್ರೆಯನ್ನೂ ಅಲ್ಲಿ ಹೇಳಿದೆ. ಹುಳಿಗೆ ಕಲ್ಲನ್ನು ವಿಧಿಸಿರುವುದರಲ್ಲಿ ನಮ್ಮ ಅಡಿಗೆಮನೆಯ ಕಟ್ಟಿನ ಹಳಮೆ ಸ್ಪಷ್ಟವಾಗುತ್ತದೆ. ಅದೇ ಎಡೆಯಲ್ಲಿ, ಚೆನ್ನಾಗಿ ಕಾಯಿಸಿ ಆರಿಸಿದ ‘ಪಯಸ್ಸನ್ನು’ ತಾಮ್ರದ ಪಾತ್ರೆಯಲ್ಲಿ ಕೊಡಬೇಕೆಂದಿದೆ. ಪಯಸ್ಸೆಂಬ ಶಬ್ದಕ್ಕೆ ಹಾಲು, ನೀರು ಎಂಬ ಎರಡರ್ಥಗಳೂ ಉಂಟಷ್ಟೆ. ಆದರೆ ಕುಡಿಯುವ ನೀರಿಗೆ ಮಣ್ಣಿನ ಪಾತ್ರೆಯನ್ನು ಒಡನೆಯೇ ಪ್ರತ್ಯೇಕವಾಗಿ ಹೇಳಿರುವುದರಿಂದ ಇಲ್ಲಿ ಹಾಲೆಂದೇ ಅರ್ಥಮಾಡುವುದು ಯುಕ್ತವೆಂದು ನಮಗೆ ತೋರುತ್ತದೆ. ಇದಕ್ಕೆ ತೀರ ವಿರುದ್ಧವಾಗಿ, ತಾಮ್ರದ ಪಾತ್ರೆಯಲ್ಲಿಟ್ಟ ಗವ್ಯವನ್ನು, ತುಪ್ಪವೊಂದನ್ನುಳಿದು, ನಿಷಿದ್ಧಪಾನಕ್ಕೆ ಸಮಾನವೆಂದೆಣಿಸುವ ವಿಧಿಯೊಂದು ಧರ್ಮಶಾಸ್ತ್ರದ ಸಂಪ್ರದಾಯದಲ್ಲಿ ಪ್ರಚಲಿತವಾಗಿದೆ. ತಾಮ್ರದ ಪಾತ್ರೆಯಿಂದ ದೇವರಿಗೆ ಹಾಲಿನ ಅಭಿಷೇಕ ಮಾಡಬಾರದೆಂಬ ಆಚಾರವು ಇಂದಿಗೂ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ.

ಹಾಗಾದರೆ ನಿಷೇಧವಿದ್ದ ಮನೆಗಳಲ್ಲಿಯಾದರೂ ಹಾಲು ತಾಮ್ರದಿಂದ ದೂರವಿದ್ದಿತೆ? ಇರಲಿಲ್ಲ. ಶಾಸ್ತ್ರವು ಹೆಸರಿಸಿದುದು ತಾಮ್ರವನ್ನು. ಮನೆಯಲ್ಲಿ ಹಾಲು ಕಾಯಿಸುತ್ತಿದ್ದುದು ಹಿತ್ತಾಳೆಯಲ್ಲಿ. ಒಂದು ಕೆಂಪು, ಮತ್ತೊಂದು ಹಳದಿ. ಹೆಸರು ಬೇರೆ, ಅಂಗಡಿಯ ದರ ಬೇರೆ. ಹಿತ್ತಾಳೆಯೊಳಗೆ ತಾಮ್ರವೇ ಅಧಿಕವಾಗಿ ಅಡಗಿದೆಯೆಂಬುದು ಲೋಹಕಾರನಿಗೆ ತಿಳಿದಿದ್ದರೂ ಆಚಾರವಂತನ ಲೆಕ್ಕಕ್ಕೆ ಬರಲಿಲ್ಲ. ಇನ್ನು ಅಡಿಗೆಯವರ ದೃಷ್ಟಿಯಲ್ಲಿ ಹಾಲು ಹುಳಿಯಲ್ಲ. ಅದು ಪಾತ್ರೆಯಲ್ಲಿ ಹಸುರಾಗುವುದಿಲ್ಲ, ರುಚಿಗೆಡುವುದಿಲ್ಲ, ಕುಡಿದವರಿಗೆ ವಾಂತಿಯಾಗುವುದಿಲ್ಲ. ಹೀಗಾಗಿ ಎರಡು ಕಾವಲುಗಳ ನಡುವೆ ಹಾಲಿನ ಪಾತ್ರೆಯು ನುಸುಳಿಕೊಂಡಿತು.

ಅಲ್ಯುಮಿನಿಯಂ ನಮ್ಮ ಕಡೆಗೆ ಬಂದ ಬಗೆಯನ್ನು ಈಗ ಗಮನಿಸೋಣ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬುವರು ವಿದ್ಯುಚ್ಛಕ್ತಿಯಿಂದ ಈ ಲೋಹವನ್ನು ಬೇರ್ಪಡಿಸುವ ವಿಧಾನವನ್ನು ಬೇರೆಬೇರೆಯಾಗಿ ಕಂಡುಹಿಡಿದ ಮೇಲೆ, ಅದುವರೆಗೆ ದುಬಾರಿಯಾಗಿದ್ದ ಲೋಹವು ಪಾತ್ರೆಗೆ ಒದಗುವಷ್ಟು ಅಗ್ಗವಾಯಿತು. ಮದರಾಸಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರು ಅಲ್ಲಿನ ಕಲಾಶಾಲೆಯಲ್ಲಿ 1898ರಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಕುಂದುತ್ತಿದ್ದ ಕಂಚುಗಾರರ ಕಸುಬಿಗೆ ಹೊಸ ಲೋಹದಿಂದ ಜೀವ ತುಂಬುವುದು, ಭಾರವಿಲ್ಲದ ಮತ್ತು ಕಲಾಯಿ ಬೇಡದ ಪಾತ್ರೆಯನ್ನು ಜನರಿಗೆ ಒದಗಿಸುವುದು, ಬೇಡಿಕೆ ಬೆಳೆದಲ್ಲಿ ಮುಂದೆ ಈ ದೇಶದ ಬಾಕ್ಸೈಟ್ ಅದಿರಿನಿಂದಲೇ ಲೋಹವನ್ನು ತೆಗೆಯಲು ದಾರಿಮಾಡುವುದು ಇವು ಅವರ ಆಶಯಗಳಾಗಿದ್ದುವು. ಉದ್ಯಮವು ಲಾಭದಾಯಕವಾಗಿ ಬೆಳೆದುದರಿಂದ 1903ರಲ್ಲಿ ಸರ್ಕಾರವು ಅದನ್ನು ಖಾಸಗಿ ಕಂಪನಿಯೊಂದಕ್ಕೆ ಮಾರಿತು. ಇದೇ ಚಾಟರ್ಟನ್ ಅವರು 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ, ಶ್ರೀಗಂಧದ ಎಣ್ಣೆಯ ಉದ್ಯಮದ ಸ್ಥಾಪನೆಗೆ ನೆರವಾದವರೆಂಬುದನ್ನು ಮೈಸೂರಿನ ಇತಿಹಾಸವನ್ನು ಬಲ್ಲವರು ನೆನೆಯದೆ ಇರಲಾರರು. ಕಲಾಶಾಲೆಯೊಂದರ ಕೆಲಸದ ಮನೆಯಲ್ಲಿ ಹುಟ್ಟಿದ ಈ ಉದ್ಯಮಕ್ಕೂ ಸೆರೆಮನೆಯ ಕಥೆಗೂ ಸಂಬಂಧ ಕಲ್ಪಿಸುವುದು ಹೇಗೆಂದು ನಾವರಿಯೆವು.

ಅಲ್ಯುಮಿನಿಯಂ ವಿಷವೆಂಬ ಭೀತಿಯೂ ಹುಟ್ಟಿದುದು ನಮ್ಮಲ್ಲಲ್ಲ. ಜರ್ಮನಿಯ ಸೈನ್ಯಕ್ಕಾಗಿ ಪ್ಲಾಗೆ ಮತ್ತು ಲೆಬಿನ್ ಎಂಬುವರು 1893ರಲ್ಲಿ ಅಲ್ಯುಮಿನಿಯಂ ನೀರಿನ ಬುರುಡೆಗಳನ್ನೂ ಅಡಿಗೆಯ ಪಾತ್ರೆಗಳನ್ನೂ ಪರೀಕ್ಷಿಸಿದ್ದರು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯು 1913ರಲ್ಲಿ ತನ್ನದೇ ಪ್ರಯೋಗಶಾಲೆಯಲ್ಲಿ ಪರೀಕ್ಷೆ ನಡೆಸಿ, ಈ ಲೋಹವು ಅಡಿಗೆಗೆ ಯೋಗ್ಯವೆಂದು ಪ್ರಕಟಿಸಿತು. ಆದರೂ ಸಂಶಯ ಆರಲಿಲ್ಲ. ಅಮೆರಿಕದಲ್ಲಿ ರೊಟ್ಟಿಯನ್ನುಬ್ಬಿಸುವ ಪುಡಿಗಳನ್ನು ಮಾರುವ ಕಂಪನಿಗಳ ನಡುವೆ ದೀರ್ಘಕಾಲದ ವ್ಯಾಪಾರಕಲಹವೊಂದು ನಡೆದಿತ್ತು. ಪಟಿಕವನ್ನು ಬೆರೆಸಿದ ಅಗ್ಗದ ಪುಡಿ ವಿಷವೆಂದು, ಅದನ್ನು ಬೆರೆಸದ ಪುಡಿಯನ್ನು ಮಾರುವವರು ಪ್ರಚಾರಮಾಡುತ್ತಿದ್ದರು. ಪಟಿಕದಲ್ಲಿರುವುದು ಅಲ್ಯುಮಿನಿಯಮ್ಮೇ ಆದುದರಿಂದ ಪುಡಿಯ ಮೇಲಿನ ಅಪವಾದವು ಪಾತ್ರೆಗೂ ತಗಲಿತು. 1920ರ ದಶಕದಲ್ಲಿ ಓಹಾಯೋ ಸಂಸ್ಥಾನದ ಟೊಲಿಡೊ ನಗರದ ದಂತವೈದ್ಯ ಚಾರ್ಲ್ಸ್ ಬೆಟ್ಸ್ ಅನೇಕ ರೋಗಗಳಿಗೆ ಈ ಲೋಹವೇ ಮೂಲವೆಂದು ಬರೆದು ಭೀತಿಯನ್ನು ದೇಶಾಂತರಗಳಿಗೆ ಹರಡಿದನು. ಅಂಗಡಿಯವರ ಜಗಳವು ವೈದ್ಯಶಾಸ್ತ್ರದ ವೇಷವನ್ನು ಧರಿಸಿದ ಉದಾಹರಣೆಗಳಲ್ಲಿ ಇದೂ ಒಂದು.

ಅನಂತರದ ಸಂಶಯಕ್ಕೆ ಮಾತ್ರ ಇನ್ನಷ್ಟು ಗಂಭೀರವಾದ ಆಧಾರಗಳಿದ್ದುವು. 1965ರಲ್ಲಿ ಮೊಲಗಳ ಮಿದುಳಿನಲ್ಲಿ ಅಲ್ಯುಮಿನಿಯಂ ಲವಣಗಳು ನರತಂತುಗಳ ಗಂಟುಗಳನ್ನುಂಟುಮಾಡುವುದು ಕಂಡುಬಂದಿತು. 1973ರಲ್ಲಿ ಕೆನಡಾದ ಸಂಶೋಧಕರು ಆಲ್‌ಝೈಮರ್ ರೋಗದಿಂದ ಸತ್ತವರ ಮಿದುಳಿನಲ್ಲಿ ಈ ಲೋಹವು ಅಧಿಕವಾಗಿದೆಯೆಂದು ವರದಿಮಾಡಿದರು. 1976ರಲ್ಲಿ, ಮೂತ್ರಪಿಂಡಗಳು ಕೆಟ್ಟು ಯಂತ್ರದಿಂದ ರಕ್ತಶೋಧನೆ ಮಾಡಿಸಿಕೊಳ್ಳುತ್ತಿದ್ದ ರೋಗಿಗಳಲ್ಲಿ ಕಂಡುಬಂದ ಮತಿಭ್ರಮಣೆಗೆ ಅಲ್ಯುಮಿನಿಯಂ ಕಾರಣವಿರಬೇಕೆಂದು ಆಲ್ಫ್ರಿ ಮತ್ತು ಸಂಗಡಿಗರು ತೋರಿಸಿದರು. ಇದು ಮುಂದೆ ದೃಢವಾಯಿತು. ಆದರೆ ಆ ರೋಗಿಗಳಿಗೆ ಲೋಹವು ನೇರವಾಗಿ ರಕ್ತಕ್ಕೆ ಸೇರುತ್ತಿತ್ತು, ಅದನ್ನು ಹೊರಹಾಕುವ ಅಂಗವೇ ಅವರಲ್ಲಿ ಕೆಲಸಮಾಡುತ್ತಿರಲಿಲ್ಲ. ಆರೋಗ್ಯವಂತನು ಉಂಡ ಅಲ್ಯುಮಿನಿಯಮ್ಮಿನಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಭಾಗವು ರಕ್ತಕ್ಕೆ ಸೇರಿ, ಮೂತ್ರದ ಮೂಲಕ ಹೊರಟುಹೋಗುತ್ತದೆ. ಆಲ್‌ಝೈಮರ್ ರೋಗದ ಗಂಟುಗಳು ಮೊಲಗಳಲ್ಲಿ ಕಂಡವುಗಳಿಗಿಂತ ರಚನೆಯಲ್ಲಿ ಭಿನ್ನವೆಂಬುದೂ ತಿಳಿದುಬಂದಿತು. 1987ರಲ್ಲಿ ಶ್ರೀಲಂಕೆಯ ಇಬ್ಬರು ವಿಜ್ಞಾನಿಗಳು, ಫ್ಲೋರೈಡ್ ಬೆರೆತ ನೀರಿನಲ್ಲಿ ಅಡಿಗೆ ಮಾಡಿದರೆ ಅಲ್ಯುಮಿನಿಯಂ ಅತಿಯಾಗಿ ಕರಗುತ್ತದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಮತ್ತೆ ಕೋಲಾಹಲವಾಯಿತು. ಇತರ ಪ್ರಯೋಗಶಾಲೆಗಳಲ್ಲಿ ಅಷ್ಟು ಪ್ರಮಾಣ ದೊರೆಯಲಿಲ್ಲ. ಲೋಹವು ಹುಳಿಗೆ ಕರಗುತ್ತದೆಂಬುದು ನಿಜವೇ. ವಾರಕ್ಕೆ ದೇಹತೂಕದ ಒಂದು ಕಿಲೋಗ್ರಾಮಿಗೆ 2 ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ಆಹಾರತಜ್ಞರ ಸಮಿತಿಯು 2011ರಲ್ಲಿ ಮಿತಿಯನ್ನು ಗೊತ್ತುಮಾಡಿದೆ. ಗುಜರಿಯ ಲೋಹವನ್ನು ಕರಗಿಸಿ ಎರಕಹೊಯ್ದ ಪಾತ್ರೆಗಳಿಂದ ಸೀಸವು ಹೊರಬರುವುದನ್ನು 2014ರಲ್ಲಿ ಕ್ಯಾಮರೂನ್ ದೇಶದ ಪಾತ್ರೆಗಳಲ್ಲಿ ಕಂಡದ್ದುಂಟು. ಆದರೆ ಅದು ಸೀಸದ ದೋಷ.

ಇಷ್ಟೆಲ್ಲ ಚರ್ಚೆ ಒಂದು ಕಡೆ ನಡೆಯುತ್ತಿರುವಾಗ, ಚರ್ಚೆಗೆ ಬಾರದ ಪಾತ್ರೆಯೊಂದು ತನ್ನ ಕೆಲಸವನ್ನು ಮಾಡುತ್ತಿತ್ತು.

1887ರಲ್ಲಿ ಕಲ್ಕತ್ತೆಯ ವೈದ್ಯ ಸೇನ್ ಎಂಬುವರು ಎಳೆಯ ಮಕ್ಕಳ ಯಕೃತ್ತಿನ ರೋಗವೊಂದನ್ನು ವರ್ಣಿಸಿದರು. ಒಂದರಿಂದ ಮೂರು ವರ್ಷದೊಳಗಿನ ಮಗು ಕಿರಿಕಿರಿಗೊಳ್ಳುವುದು, ಹೊಟ್ಟೆ ಉಬ್ಬುವುದು, ಬಲಪಕ್ಕೆಯ ಕೆಳಗೆ ಯಕೃತ್ತು ಕಲ್ಲಿನಂತೆ ಕೈಗೆ ಸಿಗುವುದು, ಕಾಮಾಲೆ ತೋರುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಸಾಮಾನ್ಯವಾಗಿ ಒಂದು ವರ್ಷದೊಳಗೆ ಮರಣ. ಬಂಗಾಳ, ಮದರಾಸು, ಮೈಸೂರು, ಮಹಾರಾಷ್ಟ್ರ ಎಲ್ಲೆಡೆಯೂ ಈ ರೋಗವಿತ್ತು. ಮದರಾಸಿನ ಜಮ್ಮಿಯವರ ಯಕೃತ್ತಿನ ಔಷಧವು ದಕ್ಷಿಣದಲ್ಲೆಲ್ಲ ಹೆಸರಾಗಿದ್ದುದೇ ರೋಗದ ಹರಹಿಗೆ ಸಾಕ್ಷಿ. ಇದರ ಎರಡು ಲಕ್ಷಣಗಳು ವೈದ್ಯರನ್ನು ದಿಗ್ಭ್ರಮೆಗೊಳಿಸಿದ್ದುವು. ಇದು ಕಡುಬಡವರ ಮಕ್ಕಳಿಗಿಂತ ಮಧ್ಯಮವರ್ಗದ, ಅದರಲ್ಲಿಯೂ ಬ್ರಾಹ್ಮಣ ಮತ್ತು ವರ್ತಕ ಕುಲಗಳ ಮಕ್ಕಳನ್ನು ಹೆಚ್ಚಾಗಿ ಬಲಿತೆಗೆದುಕೊಳ್ಳುತ್ತಿತ್ತು; ಮತ್ತು ಒಂದು ಮಗು ಸತ್ತ ಮನೆಯಲ್ಲಿ ಇನ್ನೊಂದೂ ಮತ್ತೊಂದೂ ಸಾಯುತ್ತಿದ್ದುವು. ಇದನ್ನು ಜನರು ಗ್ರಹಚಾರವೆಂದರು, ವೈದ್ಯರು ಆನುವಂಶಿಕ ದೋಷವೆಂದರು. ಒಡಹುಟ್ಟಿದ ಮಕ್ಕಳಿಗೆ ರಕ್ತವೊಂದೇ ಅಲ್ಲ, ಹಾಲಿನ ಪಾತ್ರೆಯೂ ಸಮಾನವೆಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ.

ಕಾರಣಗಳನ್ನು ಹುಡುಕಿದವರ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ಪೌಷ್ಟಿಕಾಂಶಗಳ ಅಭಾವ, ವೈರಸ್, ಸಸ್ಯಾಹಾರ ಎಲ್ಲವೂ ಪರಿಶೀಲನೆಗೆ ಬಂದುವು. ನಮ್ಮ ಮೈಸೂರಿನಲ್ಲಿಯೇ ಡಾ. ಅಮ್ಲಾ ಮತ್ತು ಅವರ ಸಂಗಡಿಗರು 1971ರಲ್ಲಿ, ಬೂಷ್ಟು ಹಿಡಿದ ನೆಲಗಡಲೆಯ ಹಿಟ್ಟಿನಲ್ಲಿರುವ ಅಫ್ಲಾಟಾಕ್ಸಿನ್ ವಿಷದಿಂದ ಮಕ್ಕಳ ಯಕೃತ್ತು ಕೆಡುವುದನ್ನು ಕುರಿತು ಮಹತ್ತ್ವದ ಲೇಖನವೊಂದನ್ನು ಪ್ರಕಟಿಸಿದರು. ಆ ವಿಷವು ವಾಸ್ತವವಾದುದೇ. ಆದರೆ ಹೆಚ್ಚಿನ ಪ್ರಕರಣಗಳ ಬೀಗಕ್ಕೆ ಅದು ಕೀಲಿಕೈ ಆಗಲಿಲ್ಲ. 1978ರಲ್ಲಿ, ಸತ್ತ ಮಕ್ಕಳ ಯಕೃತ್ತಿನ ತುಣುಕುಗಳಲ್ಲಿ ಆರ್ಸೀನ್ ಎಂಬ ಬಣ್ಣವನ್ನು ಹಿಡಿಯುವ ಕಣಗಳು ಕಾಣಿಸಿದುವು. ಅದು ತಾಮ್ರವಿರುವಲ್ಲಿ ತೋರುವ ಚಿಹ್ನೆ. ಮರುವರ್ಷ ಟ್ಯಾನರ್ ಮತ್ತು ಪುಣೆಯ ಪಂಡಿತ್ ಮೊದಲಾದವರು ತಾಮ್ರವನ್ನು ಅಳೆದೇ ನೋಡಿದರು. ಒಣಗಿಸಿದ ಯಕೃತ್ತಿನ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಂ ಮೀರದ ತಾಮ್ರವು ಈ ಮಕ್ಕಳಲ್ಲಿ ನೂರುಗಟ್ಟಲೆ ಮೈಕ್ರೋಗ್ರಾಮುಗಳಷ್ಟಿತ್ತು.

ಈ ತಾಮ್ರ ಎಲ್ಲಿಂದ ಬಂದಿತು? ಪುಣೆಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಶೀಲಾ ಭಾವೆ, ಆನಂದ ಪಂಡಿತ್ ಮತ್ತು ಸ್ಟೂವರ್ಟ್ ಟ್ಯಾನರ್ ಅವರು ತಾಯಂದಿರನ್ನು ಕುಳ್ಳಿರಿಸಿಕೊಂಡು ಕೇಳಿದುದು ಇದನ್ನೇ: ಮಗುವಿಗೆ ಹಸುವಿನ ಅಥವಾ ಎಮ್ಮೆಯ ಹಾಲನ್ನು ಯಾವಾಗ ಕೊಡಲಾರಂಭಿಸಿದಿರಿ, ಅದನ್ನು ಯಾವ ಪಾತ್ರೆಯಲ್ಲಿ ಕಾಯಿಸಿದಿರಿ, ಎಷ್ಟು ಹೊತ್ತು ಇಟ್ಟಿದ್ದಿರಿ? ರೋಗಕ್ಕೀಡಾದ ಮಕ್ಕಳಿಗೆ ಮೊಲೆಹಾಲನ್ನು ಬೇಗನೆ ಬಿಡಿಸಿ, ಕಲಾಯಿಯಿಲ್ಲದ ಹಿತ್ತಾಳೆಯ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲನ್ನು ಕೊಟ್ಟಿದ್ದುದು ಸ್ಪಷ್ಟವಾಯಿತು. 1983ರಲ್ಲಿ ಈ ಫಲಿತಾಂಶವು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊರಬಂದಿತು. ಹುಳಿಯಲ್ಲದ ಹಾಲು ತಾಮ್ರವನ್ನು ಸೆಳೆದುಕೊಂಡುದು ಹೇಗೆಂಬುದನ್ನು 1989ರ ಪ್ರಯೋಗಗಳು ವಿಶದಪಡಿಸಿದುವು: ಹಾಲಿನಲ್ಲಿರುವ ಕೇಸೀನ್ ಎಂಬ ಸಾರಾಂಶವೇ ತಾಮ್ರವನ್ನು ಬಿಗಿದಿಟ್ಟುಕೊಳ್ಳುತ್ತದೆ. ಬಿಗಿದುಕೊಂಡ ತಾಮ್ರಕ್ಕೆ ಹಸುರಿಲ್ಲ, ಕಹಿಯಿಲ್ಲ. ಎಳೆಗೂಸಿನ ಯಕೃತ್ತಿನಲ್ಲಿ ಹುಟ್ಟಿನಿಂದಲೇ ತಾಮ್ರ ಹೆಚ್ಚು. ಅದನ್ನು ಪಿತ್ತದ ಮೂಲಕ ಹೊರಹಾಕುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಮನೆಯವರೆಲ್ಲ ಅದೇ ಹಾಲನ್ನು ಕುಡಿದು ಸುಖವಾಗಿರುವಾಗ ಹಾಲೇ ಆಹಾರವಾದ ಕೂಸು ಮಾತ್ರ ತಿಂಗಳುಗಟ್ಟಲೆ ತಾಮ್ರವನ್ನು ಕೂಡಿಡುತ್ತಿತ್ತು.

ಸಂಶಯಕ್ಕೆ ಎಡೆಯಿಲ್ಲವೆಂದು ನಾವು ಹೇಳಲಾರೆವು. ಹಿತ್ತಾಳೆಯ ಹಾಲನ್ನು ಕುಡಿದ ಮಕ್ಕಳಲ್ಲಿ ಬಹುಪಾಲು ಬದುಕಿ ಬೆಳೆದರು. ನಮ್ಮ ತಂದೆತಾಯಿಗಳು ಆ ಬಹುಪಾಲಿಗೆ ಸೇರಿದವರು. ಹುಟ್ಟುಗುಣದ ಒಂದು ದೌರ್ಬಲ್ಯವೂ ಕೂಡಿದರೆ ಮಾತ್ರ ರೋಗವು ಬರುವುದೆಂದು ಅನೇಕ ತಜ್ಞರ ಅಭಿಪ್ರಾಯ. ತಾಮ್ರದ ಸಂಪರ್ಕವಿಲ್ಲದೆಯೂ ಇಂತಹ ರೋಗ ಕಂಡ ಪ್ರಕರಣಗಳಿವೆ. ಇದಕ್ಕೆ ಸಮಾನವಾದ ಸಾಕ್ಷ್ಯವು ಬಹುದೂರದ ಆಸ್ಟ್ರಿಯದಿಂದ ದೊರೆತಿದೆ. ಟಿರೋಲ್ ಪ್ರಾಂತದ ಹಳ್ಳಿಗಳಲ್ಲಿ 1900ರಿಂದ 1974ರವರೆಗೆ 138 ಶಿಶುಗಳು ಇದೇ ಬಗೆಯ ಯಕೃತ್ತಿನ ರೋಗದಿಂದ ಸತ್ತುದನ್ನು ಮ್ಯೂಲರ್ ಮತ್ತು ಸಂಗಡಿಗರು 1996ರಲ್ಲಿ ವರದಿಮಾಡಿದರು. ಅಲ್ಲಿಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆ, ಅಲ್ಲಿಯೂ ಹಸುವಿನ ಹಾಲು, ಅಲ್ಲಿಯೂ ಹುಟ್ಟುಗುಣದ ಒಂದು ದೌರ್ಬಲ್ಯ. ಹೊಸ ಬಗೆಯ ಪಾತ್ರೆಗಳು ಬಂದ ಮೇಲೆ ರೋಗವು ಮಾಯವಾಯಿತು.

ಇಲ್ಲಿ ನಮ್ಮದೇ ಒಂದು ಊಹೆಯನ್ನು ಮುಂದಿಡುತ್ತೇವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಲಾಯತಿಯ ಯಂತ್ರಗಳಲ್ಲಿ ತಗಡಾಗಿಸಿದ ಹಿತ್ತಾಳೆ ತಾಮ್ರಗಳು ಹಡಗುಗಳಲ್ಲಿ ಹೇರಳವಾಗಿ ಆಮದಾದುವು. ಮಡಕೆಯಲ್ಲಿ ಹಾಲು ಕಾಯಿಸುತ್ತಿದ್ದ ಎಷ್ಟೋ ಮಧ್ಯಮವರ್ಗದ ಮನೆಗಳಿಗೆ ಹಿತ್ತಾಳೆಯ ಪಾತ್ರೆಯು ಕೈಗೆಟುಕಿದುದು ಈ ಕಾಲದಲ್ಲಿಯೇ ಇರಬಹುದು. ಸೇನರ ವರ್ಣನೆಯು 1887ರದೆಂಬುದನ್ನು ಇದರೊಡನೆ ಸೇರಿಸಿ ನೋಡಿದರೆ, ‘ಪೂರ್ವಿಕರ ಪಾತ್ರೆ’ ಎಂದು ನಾವು ಕರೆಯುವುದು ಎಷ್ಟು ಪೂರ್ವದ್ದೆಂಬ ಪ್ರಶ್ನೆ ಏಳುತ್ತದೆ. ಮಡಕೆಯನ್ನು ಬಿಡಲಾಗದ ಬಡವರ ಮಕ್ಕಳು ಈ ಒಂದು ರೋಗದಿಂದ ಉಳಿದುಕೊಂಡುದೂ ಊಹೆಗೆ ಅನುಗುಣವಾಗಿದೆ. ಆದರೂ ಇದು ಊಹೆಯೇ. ಸತ್ತವರ ಮನೆಗಳ ಪಾತ್ರೆಗಳ ಪಟ್ಟಿಗಳನ್ನೂ ಆಮದಿನ ಲೆಕ್ಕಗಳನ್ನೂ ಆಸ್ಪತ್ರೆಗಳ ದಾಖಲೆಗಳನ್ನೂ ಜೊತೆಗಿಟ್ಟು ಪರಿಶೀಲಿಸುವವರು ಇದನ್ನು ಸ್ಥಾಪಿಸಬೇಕು ಅಥವಾ ಖಂಡಿಸಬೇಕು.

ಸರ್ಕಾರಕ್ಕೆ ಹಿತ್ತಾಳೆಯ ದೋಷವು ತಿಳಿಯದುದೇನೂ ಅಲ್ಲ. 1954ರ ಆಹಾರ ಕಲಬೆರಕೆ ನಿವಾರಣಾ ಕಾಯಿದೆಯ ಕೆಳಗಿನ ನಿಯಮಗಳಲ್ಲಿ, ಸರಿಯಾಗಿ ಕಲಾಯಿ ಮಾಡಿಸದ ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿ ತಯಾರಿಸಿದ ಆಹಾರವು ಸೇವನೆಗೆ ಅನರ್ಹವೆಂದು ಹೇಳಿತ್ತು. ಆದರೆ ಆ ಕಾಯಿದೆಯ ಕೈ ಹೋಟೆಲಿನ ಅಡಿಗೆಮನೆಯವರೆಗೆ ಮಾತ್ರ ಚಾಚಬಲ್ಲದಾಗಿತ್ತು. ತೊಟ್ಟಿಲ ಬಳಿಯ ಹಾಲಿನ ಪಾತ್ರೆಯನ್ನು ಮುಟ್ಟಲಾರದಾಗಿತ್ತು. ಮಕ್ಕಳನ್ನು ಉಳಿಸಿದುದು ಕಾಯಿದೆಯಲ್ಲ, ಪೇಟೆ. ಕಲಾಯಿಯ ಖರ್ಚಿಗೆ ಬೇಸತ್ತ ಜನರು ಅಲ್ಯುಮಿನಿಯಂ ಪಾತ್ರೆಗಳನ್ನೂ ಆಮೇಲೆ ಉಕ್ಕಿನ ಪಾತ್ರೆಗಳನ್ನೂ ಕೊಂಡರು. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಕೊಟ್ಟು ಬದಲಿಗೆ ಹೊಸದನ್ನು ತಂದರು. 1990ರ ದಶಕದ ಹೊತ್ತಿಗೆ ಈ ರೋಗವು ಅಪರೂಪವಾಯಿತು. ವಿಷವೆಂದು ನಿಂದೆಗೊಳಗಾದ ಲೋಹಕ್ಕೆ ಇದರಲ್ಲಿ ಪಾಲಿದ್ದಿತೆಂಬುದನ್ನು ಅದರ ಪರವಾಗಿ ವಾದಿಸಿದವರೂ ಅರಿತಿರಲಿಲ್ಲ.

ಈಗ ತಾಮ್ರ ಹಿತ್ತಾಳೆಗಳು ಅಂಗಡಿಗಳಿಗೆ ಮರಳಿವೆ. ನೀರಿನ ಮಟ್ಟಿಗೆ ಇದರಲ್ಲಿ ಆಕ್ಷೇಪಿಸಬೇಕಾದುದು ಹೆಚ್ಚಿಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲವಿಟ್ಟ ನೀರಿನಲ್ಲಿ ಭೇದಿಯನ್ನುಂಟುಮಾಡುವ ರೋಗಾಣುಗಳು ನಾಶವಾಗಿದ್ದುವು. ನೀರಿಗಿಳಿದ ತಾಮ್ರವು ಲೀಟರಿಗೆ 2 ಮಿಲಿಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕೆಳಗಿತ್ತು. ನೀರಿನ ಕೊಡಕ್ಕೆ ಕಲಾಯಿ ಬೇಡವೆಂದ ಹಳಬರ ನಿರ್ಣಯ ಸರಿಯಾಗಿಯೇ ಇತ್ತು. ಆದರೆ ಕೊಡದ ಮಗ್ಗುಲಲ್ಲಿಯೇ ಹಿತ್ತಾಳೆಯ ಹಾಲಿನ ಪಾತ್ರೆಯೂ ಮಾರಾಟಕ್ಕಿದೆ. ಕೊಳ್ಳುವವರು ಅದರ ತೂಕವನ್ನೂ ಹೊಳಪನ್ನೂ ನೋಡುತ್ತಾರೆ. ಒಳಮೈಗೆ ಕಲಾಯಿ ಆಗಿದೆಯೇ ಎಂದು ಕೇಳಬೇಕೆಂಬುದು ಅವರಲ್ಲಿ ಹಲವರಿಗೆ ಈಗ ತಿಳಿಯದು, ಕಲಾಯಿಗಾರನೂ ಬೀದಿಯಲ್ಲಿಲ್ಲ.